ಮನೆ ಕಂದಾಯ ಕಟ್ಟಿದ ಮೇಲೆ: ನಿಮ್ಮ ಬೀದಿಯ ಒಂದು ಕಾಮಗಾರಿಯ ಲೆಕ್ಕ ಕೇಳುವುದು ಹೇಗೆ

ಆಸ್ತಿ ತೆರಿಗೆಯನ್ನು ನಮ್ಮ ಊರುಗಳಲ್ಲಿ ಇವತ್ತಿಗೂ ಮನೆ ಕಂದಾಯ ಎಂದೇ ಕರೆಯುತ್ತಾರೆ. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಉಂಟು ಎಂದು ನೆನಪಿಟ್ಟು ಕಟ್ಟುತ್ತೇವೆ, ರಸೀದಿಯನ್ನು ಖಾತೆಯ ಕಾಗದಗಳ ಜೊತೆ ಎತ್ತಿಡುತ್ತೇವೆ. ಚರಂಡಿ ತುಂಬಿದಾಗ, ಬೀದಿದೀಪ ಕೆಟ್ಟಾಗ, ಹಾಕಿ ವರ್ಷವೂ ಆಗದ ರಸ್ತೆ ಕಿತ್ತು ಬಂದಾಗ ಬೈಯುತ್ತೇವೆ. ಕಟ್ಟಿದ ದುಡ್ಡು ಯಾವ ಲೆಕ್ಕಕ್ಕೆ ಜಮೆಯಾಯಿತು, ಯಾವ ಕಾಮಗಾರಿಗೆ ಹೋಯಿತು, ಆ ಕಾಮಗಾರಿಯನ್ನು ಅಳೆದು ಬಿಲ್ ಬರೆದವರು ಯಾರು ಎಂದು ಕೇಳುವವರು ಮಾತ್ರ ತೀರಾ ಕಡಿಮೆ. ಕೇಳುವ ದಾರಿ ಮಾಹಿತಿ ಹಕ್ಕು ಕಾನೂನಿನಲ್ಲಿದೆ. ಖರ್ಚು ಹೆಚ್ಚಿಲ್ಲ, ವಕೀಲರೂ ಬೇಕಿಲ್ಲ. ಬೇಕಿರುವುದು ತಾಳ್ಮೆ, ಒಂದು ಫೈಲು, ಜೊತೆಗೆ ಇಬ್ಬರೋ ಮೂವರೋ ಬೀದಿಯವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಡೀ ನಗರಸಭೆಯ ಹತ್ತು ವರ್ಷದ ಲೆಕ್ಕ ಕೇಳಲು ಹೋಗಬೇಡಿ. ಉತ್ಸಾಹದಲ್ಲಿ ಹಾಗೆ ಅರ್ಜಿ ಹಾಕಿದವರಿಗೆ ಸಾವಿರಾರು ಪುಟಗಳ ಶುಲ್ಕ ಕಟ್ಟಿ ಎಂಬ ಹಿಂಬರಹ ಬರುತ್ತದೆ, ಅಥವಾ ಯಾರೂ ಓದಲಾರದಷ್ಟು ಕಾಗದ ಬರುತ್ತದೆ. ನಿಮ್ಮ ಮನೆಯಿಂದ ನಡೆದು ಹೋಗಿ ಕಣ್ಣಾರೆ ನೋಡಬಹುದಾದ ಒಂದೇ ಒಂದು ಕಾಮಗಾರಿ ಹಿಡಿಯಿರಿ. ಅದನ್ನು ಬಜೆಟ್‌ನಿಂದ ಹಿಡಿದು ಗುತ್ತಿಗೆದಾರರ ಕೊನೆಯ ಬಿಲ್‌ವರೆಗೆ ಬೆನ್ನತ್ತಿ. ಅಷ್ಟು ಮಾಡಿದರೆ ಉಳಿದ ಕಾಮಗಾರಿಗಳ ಲೆಕ್ಕ ಬರೆಯುವ ಕೈಯೂ ಎಚ್ಚರವಾಗುತ್ತದೆ.

ನಿಮ್ಮ ಊರಿಗೆ ಯಾವ ಕಾಯ್ದೆ

ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ನಡೆಯುತ್ತವೆ. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿಯಂಥ ಮಹಾನಗರ ಪಾಲಿಕೆಗಳಿಗೆ 1976ರ ಪಾಲಿಕೆ ಕಾಯ್ದೆ ಇದೆ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾದವು. ತೆರಿಗೆ ಲೆಕ್ಕ ಹಾಕುವ ಕ್ರಮ ಬೆಂಗಳೂರಿನಲ್ಲಿ ಬೇರೆ, ಉಳಿದ ಊರುಗಳಲ್ಲಿ ಬೇರೆ. ಮಾಹಿತಿ ಹಕ್ಕು, ಕಾಮಗಾರಿಯ ಅಳತೆ ಬರೆದಿಡುವ ಅಳತೆ ಪುಸ್ತಕ, ಲೆಕ್ಕಪರಿಶೋಧನೆಯ ವಿಷಯ ಎಲ್ಲ ಕಡೆಯೂ ಒಂದೇ. ಈ ಲೇಖನದಲ್ಲಿ ನಗರಸಭೆ, ಪುರಸಭೆಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಬೆಂಗಳೂರಿನ ಸುದ್ದಿ ಪತ್ರಿಕೆಯಲ್ಲಿ ದಿನವೂ ಬರುತ್ತದೆ, ಸಣ್ಣ ಊರಿನ ಲೆಕ್ಕ ನೋಡುವವರು ಕಡಿಮೆ.

ಮೊದಲು ಕಟ್ಟಿ, ಆಮೇಲೆ ಕೇಳಿ

“ರಸ್ತೆ ಸರಿಮಾಡುವ ತನಕ ಕಂದಾಯ ಕಟ್ಟುವುದಿಲ್ಲ” ಎನ್ನುವ ಮಾತು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಅದರಿಂದ ಪ್ರಯೋಜನವಿಲ್ಲ. ಮೇ, ಜೂನ್ ತಿಂಗಳು ದಂಡವಿಲ್ಲದೆ ಕಟ್ಟಬಹುದು. ಜುಲೈನಿಂದ ನಗರಸಭೆ, ಪುರಸಭೆಗಳಲ್ಲಿ ತಿಂಗಳಿಗೆ ಶೇ 2ರಂತೆ ದಂಡ ಬೀಳುತ್ತಾ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಲೆಕ್ಕ ಕೇಳಲು ಹೋದ ದಿನ ಮೇಜಿನ ಆಚೆಯವರು ಮೊದಲು ನೋಡುವುದು ನಿಮ್ಮ ಹೆಸರಿನ ಮುಂದಿರುವ ಬಾಕಿ. “ನಿಮ್ಮದೇ ಎರಡು ವರ್ಷದ್ದು ಉಳಿದಿದೆಯಲ್ಲ ಸಾರ್” ಎಂದರೆ ಮಾತು ಅಲ್ಲಿಗೇ ನಿಂತಿತು.

ಊರಿಗೂ ನಷ್ಟವಿದೆ. ಆಸ್ತಿ ತೆರಿಗೆಯ ಕನಿಷ್ಠ ದರ ನಿಗದಿ ಮಾಡಿ, ವಸೂಲಿಯನ್ನು ರಾಜ್ಯದ ಆರ್ಥಿಕ ಬೆಳವಣಿಗೆಯ ವೇಗದಲ್ಲಿ ಹೆಚ್ಚಿಸಿದರೆ ಮಾತ್ರ ನಗರ ಸಂಸ್ಥೆಗಳಿಗೆ ಕೇಂದ್ರದ ಅನುದಾನ ಎಂದು 15ನೇ ಹಣಕಾಸು ಆಯೋಗ ಷರತ್ತು ಹಾಕಿತ್ತು. ವಸೂಲಿ ಕುಸಿದರೆ ಕುಡಿಯುವ ನೀರಿಗೆ, ನೈರ್ಮಲ್ಯಕ್ಕೆ ಬರಬೇಕಾದ ಹಣವೂ ಕುಸಿಯುತ್ತದೆ.

ಕಂದಾಯದ ರಸೀದಿ ಮಾಲೀಕತ್ವಕ್ಕೆ ಪುರಾವೆಯಲ್ಲ ಎಂಬುದೂ ನೆನಪಿರಲಿ. ಹತ್ತು ವರ್ಷ ಕಂದಾಯ ಕಟ್ಟಿದ್ದೇನೆ, ಹಾಗಾಗಿ ನಿವೇಶನ ನನ್ನದೇ ಎಂದು ನಂಬಿ ಕೋರ್ಟಿಗೆ ಅಲೆದವರು ಪ್ರತಿ ಊರಲ್ಲೂ ಇದ್ದಾರೆ. ಕ್ರಯಪತ್ರ, ಇ-ಆಸ್ತಿಯ ನಮೂನೆ-3 (ಗಣಕೀಕೃತ ಖಾತೆ) ಬೇರೆ, ರಸೀದಿ ಬೇರೆ.

ರಸೀದಿಯಲ್ಲಿ ಏನು ನೋಡಬೇಕು

ನಮ್ಮಲ್ಲಿರುವುದು ಸ್ವಯಂ ಘೋಷಣೆ ಪದ್ಧತಿ. ನಿವೇಶನದ ಅಳತೆ, ಕಟ್ಟಡದ ಚದರ, ಎಷ್ಟು ವರ್ಷ ಹಳೆಯದು, ವಾಸಕ್ಕೋ ವಾಣಿಜ್ಯಕ್ಕೋ ಎಂದು ಮಾಲೀಕರೇ ಬರೆದುಕೊಡುತ್ತಾರೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯ ಇಂತಿಷ್ಟು ಭಾಗವನ್ನು ಆಸ್ತಿಯ ಬೆಲೆ ಎಂದು ಹಿಡಿದು, ಕಟ್ಟಡದ ಸವಕಳಿ ಕಳೆದು, ಅದರ ಮೇಲೆ ಕೌನ್ಸಿಲ್ ನಿಗದಿ ಮಾಡಿದ ದರದಲ್ಲಿ ತೆರಿಗೆ ಹಾಕುತ್ತಾರೆ. ಬೆಂಗಳೂರಿನಲ್ಲಿ 2008ರಿಂದ ಬಡಾವಣೆಗಳನ್ನು ಎ-ಯಿಂದ ಎಫ್‌ವರೆಗೆ ವಲಯ ಮಾಡಿ ಚದರಡಿಗೆ ಇಷ್ಟು ಎಂದು ಲೆಕ್ಕ ಹಾಕುವ ಕ್ರಮ ಬಂತು.

ನಿಮ್ಮ ಘೋಷಣೆಯ ನಮೂನೆಯನ್ನು ಒಮ್ಮೆ ಟೇಪು ಹಿಡಿದು ಮನೆಯ ಜೊತೆ ತಾಳೆ ನೋಡಿ. ಹಳೆಯ ಬಿಲ್ ಕಲೆಕ್ಟರ್ ಬರೆದದ್ದೇ ವರ್ಷದಿಂದ ವರ್ಷಕ್ಕೆ ನಕಲಾಗಿ ಬರುತ್ತಿರುತ್ತದೆ. ಹೆಚ್ಚು ಕಟ್ಟುತ್ತಿದ್ದರೆ ತಿದ್ದುಪಡಿಗೆ ಅರ್ಜಿ ಕೊಡಿ. ಕಡಿಮೆ ಕಟ್ಟುತ್ತಿದ್ದರೆ ಅದನ್ನೂ ಸರಿಪಡಿಸಿ. ಮಹಡಿ ಕಟ್ಟಿ ನೆಲಮಹಡಿಯದ್ದಷ್ಟೇ ಕಟ್ಟುವವರು ಗುತ್ತಿಗೆದಾರರ ಅಳತೆ ಪ್ರಶ್ನಿಸಲು ಹೋಗಬಾರದು.

ರಸೀದಿಯ ಕೆಳಭಾಗದಲ್ಲಿ ನಾಲ್ಕು ಸಾಲುಗಳಿರುತ್ತವೆ. ಅವುಗಳನ್ನು ಓದುವವರೇ ಇಲ್ಲ, ಆದರೆ ಲೆಕ್ಕ ಕೇಳಲು ಅತಿ ಸುಲಭವಾದ ಜಾಗ ಅದೇ. ತೆರಿಗೆಯ ಮೇಲೆ ಶೇ 15 ಆರೋಗ್ಯ ಕರ, ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ, ಶೇ 2 ನಗರ ಸಾರಿಗೆ ಕರ. ನಿಮ್ಮ ತೆರಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ಆರೋಗ್ಯಕ್ಕೆ 600, ಗ್ರಂಥಾಲಯಕ್ಕೆ 240, ಭಿಕ್ಷುಕರ ಪುನರ್ವಸತಿಗೆ 120, ಸಾರಿಗೆಗೆ 80, ಒಟ್ಟು 1,040 ರೂಪಾಯಿ ಮೇಲೆ ಸೇರುತ್ತದೆ. ಈ ದುಡ್ಡು ನಗರಸಭೆಯದ್ದಲ್ಲ. ಅದು ನಮ್ಮಿಂದ ವಸೂಲು ಮಾಡಿ ಮುಂದಕ್ಕೆ ಕಳಿಸಬೇಕಾದ ದುಡ್ಡು. ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಹೋಗಬೇಕು; ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಕೇಂದ್ರ ಪರಿಹಾರ ಸಮಿತಿಗೆ ಹೋಗಬೇಕು. ಎಷ್ಟೋ ಸಂಸ್ಥೆಗಳು ಇದನ್ನು ಸಕಾಲಕ್ಕೆ ಕಳಿಸದೆ ಉಳಿಸಿಕೊಳ್ಳುತ್ತವೆ, ಬಿಬಿಎಂಪಿಯೂ ಉಳಿಸಿಕೊಂಡಿತ್ತು. ನಿಮ್ಮೂರಿನ ಗ್ರಂಥಾಲಯಕ್ಕೆ ಹೊಸ ಪುಸ್ತಕ ಬಂದಿಲ್ಲ, ದಿನಪತ್ರಿಕೆ ನಿಲ್ಲಿಸಿದ್ದಾರೆ ಎಂದಾದರೆ ಕಾರಣ ಇಲ್ಲಿಯೂ ಇರಬಹುದು.

ಹಾಗಾಗಿ ಮಾಹಿತಿ ಹಕ್ಕಿನ ಮೊದಲ ಅರ್ಜಿ ಇದರ ಬಗ್ಗೆಯೇ ಇರಲಿ: ಕಳೆದ ಮೂರು ವರ್ಷ ಪ್ರತಿಯೊಂದು ಕರದಲ್ಲಿ ವಸೂಲಾದ ಮೊತ್ತ ಎಷ್ಟು, ಪಾವತಿಸಿದ್ದು ಎಷ್ಟು, ಬಾಕಿ ಎಷ್ಟು. ಮೂರೇ ಅಂಕಣದ ಉತ್ತರ. ಕಡತ ಸಿಗುತ್ತಿಲ್ಲ ಎನ್ನಲು ಆಗುವುದಿಲ್ಲ, ಯಾರ ವೈಯಕ್ತಿಕ ಮಾಹಿತಿಯೂ ಅದರಲ್ಲಿಲ್ಲ. ಅರ್ಜಿ ಬರೆಯುವ ಕೈ ಪಳಗುವುದಕ್ಕೂ ಒಳ್ಳೆಯದು.

ಬಜೆಟ್ ಪುಸ್ತಕ ಓದುವಾಗ

ಡಿಸೆಂಬರ್, ಜನವರಿ ಹೊತ್ತಿಗೆ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತಾರೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣದೊಂದು ಪ್ರಕಟಣೆ, ಕಚೇರಿಯ ಫಲಕದ ಮೇಲೊಂದು ಹಾಳೆ, ಅಷ್ಟೇ. ಬರುವವರು ಹತ್ತಿಪ್ಪತ್ತು ಜನ, ಅವರಲ್ಲಿ ಅರ್ಧ ಮಾಜಿ ಸದಸ್ಯರು. ಹೋಗಿ. ಹೋಗುವಾಗ ಬೇಡಿಕೆಯನ್ನು ಬರೆದುಕೊಂಡು ಹೋಗಿ, ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಲ್ಲಿ ಹೇಳಿದ್ದು ನಡಾವಳಿಯಲ್ಲಿ “ಸಾರ್ವಜನಿಕರು ಸಲಹೆ ನೀಡಿದರು” ಎಂಬ ಒಂದು ಸಾಲಾಗಿಬಿಡುತ್ತದೆ.

ಬಜೆಟ್ ಮಂಡನೆಯಾದ ಮರುದಿನ “ಇಷ್ಟು ಲಕ್ಷ ಉಳಿತಾಯ ಬಜೆಟ್” ಎಂಬ ತಲೆಬರಹ ಬರುತ್ತದೆ. ಅದಕ್ಕೆ ಮರುಳಾಗಬೇಡಿ. ಬಜೆಟ್ ಪುಸ್ತಕದಲ್ಲಿ ಪ್ರತಿ ಬಾಬ್ತಿನ ಮುಂದೆ ಹಿಂದಿನ ವರ್ಷದ ವಾಸ್ತವ ಅಂಕಿ, ಈ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಇರುತ್ತವೆ. ಬರುವ ವರ್ಷದ ಅಂಕಣ ಆಸೆಯಷ್ಟೇ. ನಿಮ್ಮ ಕಣ್ಣು ವಾಸ್ತವದ ಅಂಕಣದ ಮೇಲಿರಲಿ. ಉದ್ಯಾನಕ್ಕೆಂದು 20 ಲಕ್ಷ ಘೋಷಿಸಿ ವರ್ಷದ ಕೊನೆಗೆ 2 ಲಕ್ಷ ಖರ್ಚಾಗಿದ್ದರೆ ಅದು ಆ ಅಂಕಣದಲ್ಲಿ ಮಾತ್ರ ಕಾಣುತ್ತದೆ.

ಆದಾಯದ ಕಡೆ ಎರಡು ಬಾಬ್ತು ನೋಡಿದರೆ ಸಾಕು: ಆಸ್ತಿ ತೆರಿಗೆ, ಮಳಿಗೆ ಬಾಡಿಗೆ. ತೆರಿಗೆ ವಿಭಾಗದಲ್ಲಿ ‘ಡಿಸಿಬಿ’ ಎನ್ನುವ ತಃಖ್ತೆ ಇರುತ್ತದೆ: ಬೇಡಿಕೆ, ವಸೂಲಿ, ಬಾಕಿ. ಅದರ ಪ್ರತಿ ಕೇಳಿ. ಜೊತೆಗೆ ಅತಿ ಹೆಚ್ಚು ಬಾಕಿ ಇರುವ 50 ಸ್ವತ್ತುಗಳ ಪಟ್ಟಿ ಕೇಳಿ. ಹೆಸರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಜೆ) ತೋರಿಸಿ ನಿರಾಕರಿಸಬಹುದು. ಸ್ವತ್ತಿನ ಸಂಖ್ಯೆ, ವಾರ್ಡು, ಬಳಕೆಯ ವಿಧ, ಬಾಕಿ ಮೊತ್ತ ಇಷ್ಟು ಕೇಳಿದರೆ ನಿಮ್ಮ ಕೆಲಸವಾಗುತ್ತದೆ. ನೂರು ಗುಡಿಸಲುಗಳ ಬಾಗಿಲಿಗೆ ನೋಟಿಸು ಅಂಟಿಸುವ ಶ್ರಮ ನಾಲ್ಕು ದೊಡ್ಡ ಕಟ್ಟಡಗಳ ಕಡೆ ತಿರುಗಬೇಕಾದರೆ ಈ ಪಟ್ಟಿ ಹೊರಗೆ ಬರಬೇಕು. ಮಳಿಗೆಗಳದ್ದೂ ಇದೇ ಕಥೆ. ಹರಾಜಿಲ್ಲದೆ ಹಳೆಯ ಬಾಡಿಗೆಗೇ ಮುಂದುವರಿದವು ಎಷ್ಟು, ಒಳಬಾಡಿಗೆಗೆ ಹೋದವು ಎಷ್ಟು ಎಂಬುದು ಸಂತೆಪೇಟೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಕಾಗದದಲ್ಲಿ ಮಾತ್ರ ಇರುವುದಿಲ್ಲ.

ಖರ್ಚಿನ ಕಡೆ ನಾನು ಎಲ್ಲಕ್ಕಿಂತ ಮೊದಲು ತೆರೆದು ನೋಡುವುದು ಮೀಸಲು ನಿಧಿಗಳ ಪುಟ. ಶೇ 24.10 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಅಭಿವೃದ್ಧಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ನಗರ ಸ್ಥಳೀಯ ಸಂಸ್ಥೆಗಳು ಹಣ ತೆಗೆದಿಡಬೇಕು. ತೆಗೆದಿಡುತ್ತಾರೆ, ಖರ್ಚು ಮಾಡುವುದಿಲ್ಲ. ವರ್ಷ ವರ್ಷ ಉಳಿದು, ಮಾರ್ಚ್ ಕೊನೆಯ ವಾರದಲ್ಲಿ ಏನೋ ಒಂದು ಖರೀದಿಯಾಗುತ್ತದೆ. ಓದುವ ಹುಡುಗನಿಗೆ ಜೂನ್‌ನಲ್ಲಿ ಸಿಗಬೇಕಿದ್ದ ಶುಲ್ಕದ ಸಹಾಯ ಮಾರ್ಚ್‌ನಲ್ಲಿ ಸಿಕ್ಕರೆ ಏನು ಬಂತು? ಮೂರು ತಿಂಗಳಿಗೊಮ್ಮೆ ಈ ಮೂರು ನಿಧಿಗಳ ಜಮೆ, ಖರ್ಚು, ಫಲಾನುಭವಿಗಳ ಸಂಖ್ಯೆ ಕೇಳಿ. ನಿಮ್ಮ ವಾರ್ಡಿನಲ್ಲಿ ಅರ್ಹರಿದ್ದರೆ ಅವರಿಂದಲೇ ಅರ್ಜಿ ಹಾಕಿಸಿ.

ಒಂದು ಕಾಮಗಾರಿ ಹಿಡಿಯುವುದು

ಈಗ ಮುಖ್ಯ ಕೆಲಸ. ಕಳೆದ ಎರಡು ವರ್ಷದಲ್ಲಿ ನಡೆದ, ಮಣ್ಣಲ್ಲಿ ಪೂರ್ತಿ ಹೂತುಹೋಗದ ಕಾಮಗಾರಿ ಆರಿಸಿ. ಸಿಮೆಂಟ್ ರಸ್ತೆ, ಬಾಕ್ಸ್ ಚರಂಡಿ, ಪಾದಚಾರಿ ಮಾರ್ಗ ಒಳ್ಳೆಯವು. ಹೂಳೆತ್ತಿದ್ದು, ಕಳೆ ಕಿತ್ತದ್ದು, ಟ್ಯಾಂಕರ್ ನೀರು ಇವುಗಳಲ್ಲಿ ಗೋಲ್‌ಮಾಲ್ ಹೆಚ್ಚಿರಬಹುದು, ಆದರೆ ಅಳೆದು ತೋರಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಕಾಮಗಾರಿ ಯಾರದ್ದು ಎಂದು ಮೊದಲು ಖಚಿತ ಮಾಡಿಕೊಳ್ಳಿ. ನಗರದೊಳಗಿನ ಎಲ್ಲ ರಸ್ತೆಯನ್ನೂ ನಗರಸಭೆಯೇ ಮಾಡುವುದಿಲ್ಲ. ಶಾಸಕರ ನಿಧಿಯ ಕೆಲಸವನ್ನು ನಿರ್ಮಿತಿ ಕೇಂದ್ರ ಅಥವಾ ಸರ್ಕಾರಿ ನಿರ್ಮಾಣ ಸಂಸ್ಥೆಯಾದ ಕೆಆರ್‌ಐಡಿಎಲ್ ಮಾಡಿರಬಹುದು, ಹೆದ್ದಾರಿಗೆ ಸೇರಿದ ತುಂಡನ್ನು ಲೋಕೋಪಯೋಗಿ ಇಲಾಖೆ ಮಾಡಿರಬಹುದು. ನಗರಸಭೆಯದ್ದೇ ಆದರೂ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನವೋ, ಕೇಂದ್ರ ಹಣಕಾಸು ಆಯೋಗದ್ದೋ, ರಾಜ್ಯದ ನಗರೋತ್ಥಾನ ಯೋಜನೆಯದ್ದೋ, ನಗರಸಭೆ ನಿಧಿಯೋ ಎಂದು ಲೆಕ್ಕ ಶೀರ್ಷಿಕೆ ಬೇರೆ ಬೇರೆ. ಕಾಮಗಾರಿ ಫಲಕ ಇದ್ದರೆ ಫೋಟೊ ತೆಗೆದುಕೊಳ್ಳಿ. ಇಲ್ಲದಿದ್ದರೆ ವಾರ್ಡ್ ಸದಸ್ಯರನ್ನೋ ಕಿರಿಯ ಎಂಜಿನಿಯರ್ ಅವರನ್ನೋ ಕೇಳಿ. ಇಷ್ಟನ್ನು ಸಾಮಾನ್ಯವಾಗಿ ಹೇಳುತ್ತಾರೆ. ಟೆಂಡರ್ ಆದ ಕಾಮಗಾರಿಯಾದರೆ ಸರ್ಕಾರದ ಕೆಪಿಪಿಪಿ ಜಾಲತಾಣದಲ್ಲಿ ನಗರಸಭೆಯ ಹೆಸರು ಹಾಕಿ ಹುಡುಕಿದರೆ ಅಂದಾಜು ಮೊತ್ತ ಸಿಗುತ್ತದೆ.

ಒಂದೇ ರಸ್ತೆಯ ಹೆಸರು ಎರಡು ಶೀರ್ಷಿಕೆಗಳಡಿ ಬಂದಿದೆಯೇ ನೋಡಿ. “ರಾಮಣ್ಣನ ಮನೆಯಿಂದ ಮಾರಿಗುಡಿವರೆಗೆ” ಎಂದು ಒಂದು ಕಡೆ, “ಮಾರಿಗುಡಿಯಿಂದ ಮುಖ್ಯರಸ್ತೆ ಕಡೆಗೆ” ಎಂದು ಇನ್ನೊಂದು ಕಡೆ ಇದ್ದು, ನೆಲದ ಮೇಲೆ ಎರಡೂ ಒಂದೇ ಆಗಿರಬಹುದು. ಟೆಂಡರ್ ಮಿತಿಯ ಒಳಗೇ ಇರಲೆಂದು ದೊಡ್ಡ ಕೆಲಸವನ್ನು ತುಂಡು ಗುತ್ತಿಗೆ ಮಾಡಿರುವುದೂ ಇಂಥ ಹೆಸರುಗಳಲ್ಲೇ ಸಿಕ್ಕಿಬೀಳುತ್ತದೆ.

ಅರ್ಜಿ ಬರೆಯುವುದು

ಮಾಹಿತಿ ಹಕ್ಕು ಅರ್ಜಿಗೆ ಕರ್ನಾಟಕದಲ್ಲಿ 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಹಾಗಾಗಿ ಪೀಠಿಕೆ, ಆಕ್ರೋಶ, ‘ಏಕೆ’ ಎಂಬ ಪ್ರಶ್ನೆ ಯಾವುದೂ ಬೇಡ. ‘ರಸ್ತೆ ಏಕೆ ಕಳಪೆಯಾಗಿದೆ’ ಎಂದರೆ ಅದು ಮಾಹಿತಿಯಲ್ಲ, ಅಭಿಪ್ರಾಯ ಎಂದು ತಳ್ಳುತ್ತಾರೆ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ. ನಾನಾದರೆ ಹೀಗೆ ಬರೆಯುತ್ತೇನೆ:

“ಗೆ, ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ನಗರಸಭೆ ಕಾರ್ಯಾಲಯ. ವಿಷಯ: ವಾರ್ಡ್ ಸಂಖ್ಯೆ ಇಂಥದ್ದರ ಇಂಥ ಅಡ್ಡರಸ್ತೆಯ ಸಿಮೆಂಟ್ ಕಾಂಕ್ರೀಟ್ ರಸ್ತೆ ಕಾಮಗಾರಿ, ಇಂಥ ವರ್ಷ. ಸದರಿ ಕಾಮಗಾರಿಗೆ ಸಂಬಂಧಿಸಿದ ಕೆಳಕಂಡ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ಕೋರಿಕೆ: ಅಂದಾಜು ಪಟ್ಟಿ ಮತ್ತು ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ ಮತ್ತು ಕರಾರು ಪತ್ರ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಪಾವತಿಸಿದ ಎಲ್ಲ ಬಿಲ್‌ಗಳು ಮತ್ತು ಓಚರ್‌ಗಳು, ಗುಣಮಟ್ಟ ಪರೀಕ್ಷಾ ವರದಿ, ಬಿಲ್‌ನೊಂದಿಗೆ ಲಗತ್ತಿಸಿದ ಜಿಪಿಎಸ್ ಛಾಯಾಚಿತ್ರಗಳು, ಪೂರ್ಣಗೊಂಡ ಪ್ರಮಾಣಪತ್ರ. ಹಾಗೂ ಕಲಂ 2(ಜೆ) ಅಡಿ ಸದರಿ ಕಡತ ಮತ್ತು ಕಾಮಗಾರಿಯನ್ನು ಖುದ್ದು ಪರಿಶೀಲಿಸಲು ದಿನಾಂಕ, ಸಮಯ ತಿಳಿಸಲು ಕೋರಿಕೆ.”

ಇದರ ಕೊನೆಯ ಸಾಲನ್ನು ಬಿಡಬೇಡಿ. ಕಾಗದದ ಪ್ರತಿ ಪಡೆಯುವುದಷ್ಟೇ ಮಾಹಿತಿ ಹಕ್ಕು ಎಂದು ಬಹಳ ಜನ ತಿಳಿದಿದ್ದಾರೆ. ಕಾಮಗಾರಿಯನ್ನು ಸ್ಥಳದಲ್ಲೇ ಪರಿಶೀಲಿಸುವುದು, ಕಡತ ನೋಡಿ ಟಿಪ್ಪಣಿ ಮಾಡಿಕೊಳ್ಳುವುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು, ಇವೆಲ್ಲವೂ 2005ರ ಕಾಯ್ದೆಯ ಈ ಕಲಮಿನಲ್ಲಿವೆ. ಕಡತವನ್ನೇ ನೋಡಿದರೆ ಯಾವ ಪುಟ ಬೇಕೆಂದು ಗುರುತಿಸಿ ಅಷ್ಟನ್ನೇ ಕೇಳಬಹುದು, ಎ4 ಪುಟಕ್ಕೆ 2 ರೂಪಾಯಿಯಂತೆ ಖರ್ಚೂ ಕಡಿಮೆ.

ಅರ್ಜಿಯನ್ನು ಆನ್‌ಲೈನ್‌ನಲ್ಲೂ ಹಾಕಬಹುದು. ಬಾಡಿಗೆ ಮನೆಯಲ್ಲಿರುವವರೂ ಹಾಕಬಹುದು, ತೆರಿಗೆ ಕಟ್ಟಿದ ರಸೀದಿ ಬೇಕಿಲ್ಲ. ಹೊರದೇಶದಲ್ಲಿದ್ದು ಊರಿನ ಮನೆಯ ಕಂದಾಯ ಕಟ್ಟುತ್ತಿರುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಅವರೂ ಹಾಕಬಹುದು. ಬೇರೆ ದೇಶದ ಪೌರತ್ವ ಪಡೆದಿದ್ದರೆ ಊರಿನಲ್ಲಿರುವ ತಮ್ಮನೋ ಅಕ್ಕನೋ ಹಾಕಬೇಕು, ಈ ಹಕ್ಕು ಕಾಯ್ದೆಯಲ್ಲಿ ನಾಗರಿಕರಿಗೆ ಮಾತ್ರ ಇದೆ.

30 ದಿನದೊಳಗೆ ಉತ್ತರ ಬರಬೇಕು. ಅವಧಿ ಮೀರಿದರೆ ಆಮೇಲೆ ಕೊಡುವ ಪ್ರತಿಗಳಿಗೆ ಶುಲ್ಕ ಕೇಳುವಂತಿಲ್ಲ. ಬರದಿದ್ದರೆ, ಅರೆಬರೆ ಬಂದರೆ, 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಅದಕ್ಕೆ ಶುಲ್ಕವಿಲ್ಲ, ಹಾಕಬೇಕಾದದ್ದು ಅದೇ ಇಲಾಖೆಯ ಮೇಲಧಿಕಾರಿಗೆ. ಬಹಳಷ್ಟು ಜನ ಇಲ್ಲಿಗೆ ಕೈಬಿಡುತ್ತಾರೆ, ಕಚೇರಿಯವರಿಗೆ ಅದು ಗೊತ್ತಿದೆ. ಮೇಲ್ಮನವಿ ಹಾಕಿದವರ ಕಡತ ಬೇಗ ಸಿಗುತ್ತದೆ. ಆಗಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ; ಬೆಳಗಾವಿ, ಕಲಬುರಗಿಯಲ್ಲೂ ಅದರ ಪೀಠಗಳಿವೆ. ಮಾಹಿತಿ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ. ಅಲ್ಲಿ ಪ್ರಕರಣ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ, ಹಾಗಾಗಿ ಮೊದಲ ಮೇಲ್ಮನವಿಯನ್ನೇ ಗಟ್ಟಿಯಾಗಿ ಬರೆಯಿರಿ.

ಟೇಪು ಹಿಡಿದು ಬೀದಿಗೆ ಇಳಿದಾಗ

ಅಳತೆ ಪುಸ್ತಕವನ್ನು ಕಚೇರಿಯಲ್ಲಿ ಎಲ್ಲರೂ ಎಂ.ಬಿ. ಎನ್ನುತ್ತಾರೆ. ಪುಟಗಳಿಗೆ ಕ್ರಮಸಂಖ್ಯೆ ಇರುವ ಈ ಪುಸ್ತಕದಲ್ಲಿ ಕಿರಿಯ ಎಂಜಿನಿಯರ್ ಸ್ಥಳದಲ್ಲಿ ತೆಗೆದ ಅಳತೆ ಬರೆಯಬೇಕು, ಮೇಲಿನ ಎಂಜಿನಿಯರ್ ಅದನ್ನು ಪರಿಶೀಲಿಸಿ ಸಹಿ ಹಾಕಬೇಕು. ಬಿಲ್ ಹುಟ್ಟುವುದೇ ಇದರಿಂದ. ಇಡೀ ಕಡತದಲ್ಲಿ ಒಂದೇ ಕಾಗದ ಸಿಗುವುದಾದರೆ ಎಂ.ಬಿ.ಯ ಪುಟವನ್ನೇ ಕೇಳಿ ಎನ್ನುತ್ತೇನೆ.

ಪುಟದಲ್ಲಿ ಪ್ರತಿ ಬಾಬ್ತಿನ ಮುಂದೆ ಉದ್ದ, ಅಗಲ, ದಪ್ಪ ಅಥವಾ ಆಳ, ಕೊನೆಗೆ ಪ್ರಮಾಣ ಇರುತ್ತದೆ. ಒಂದು ಉದಾಹರಣೆ ಮಾಡಿ ನೋಡೋಣ. ಕಾಂಕ್ರೀಟ್: ಉದ್ದ 120 ಮೀಟರ್, ಅಗಲ 3.50, ದಪ್ಪ 0.15. ಗುಣಿಸಿದರೆ 63 ಘನ ಮೀಟರ್. ಈಗ ಬೀದಿಗೆ ಹೋಗಿ. ಉದ್ದದಲ್ಲಿ ಸಾಮಾನ್ಯವಾಗಿ ಮೋಸವಿರುವುದಿಲ್ಲ, ಅದು ಎಲ್ಲರಿಗೂ ಕಾಣುತ್ತದೆ. ಅಗಲವನ್ನು ಒಂದು ಕಡೆ ಅಳೆದು ಬರಬೇಡಿ, ಹತ್ತು ಮೀಟರ್‌ಗೊಮ್ಮೆ ಅಳೆದು ಸರಾಸರಿ ತೆಗೆಯಿರಿ. ಕರೆಂಟ್ ಕಂಬ, ಮನೆಯ ಮೆಟ್ಟಿಲು ಬಂದಲ್ಲಿ ರಸ್ತೆ ಕಿರಿದಾಗಿರುತ್ತದೆ. ದಪ್ಪ ನೋಡಲು ರಸ್ತೆಯ ತುದಿ, ನಳದ ಪೈಪಿಗಾಗಿ ಕತ್ತರಿಸಿದ ಜಾಗ, ಚರಂಡಿಯ ಅಂಚು ಇವೆ. ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಸರಾಸರಿ ಅಗಲ 3.20, ದಪ್ಪ 12 ಸೆಂಟಿಮೀಟರ್ ಸಿಕ್ಕಿತು ಎಂದುಕೊಳ್ಳಿ. 120, 3.20, 0.12 ಗುಣಿಸಿದರೆ 46.08. ಬಿಲ್ಲಿಗೂ ನೆಲಕ್ಕೂ ಹತ್ತಿರ 17 ಘನ ಮೀಟರ್ ವ್ಯತ್ಯಾಸ. ನೋಡಿದವರಿಗೆ ಒಂದು ಅಡಿ ಕಿರಿದು, ಮೂರು ಸೆಂಟಿಮೀಟರ್ ತೆಳು ಅಷ್ಟೇ. ಲೆಕ್ಕದಲ್ಲಿ ಅದು ಕಾಲು ಭಾಗಕ್ಕಿಂತ ಹೆಚ್ಚು ಕಾಂಕ್ರೀಟು. ಬಿಲ್ಲಿನಲ್ಲಿರುವ ಘನ ಮೀಟರ್ ದರದಿಂದ ಈ 17ನ್ನು ಗುಣಿಸಿ ಮೊತ್ತ ಬರೆದಿಡಿ.

ತುದಿಯಲ್ಲಿ ತೆಳುವಾಗಿದ್ದು ನಡುವೆ ದಪ್ಪ ಇದೆ ಎಂದು ಎಂಜಿನಿಯರ್ ಹೇಳಬಹುದು. ಅದು ನಿಜವೂ ಇರಬಹುದು. ಅದಕ್ಕೇ ಕೋರ್ ಕಟಿಂಗ್ ಪರೀಕ್ಷೆ ಇದೆ: ರಸ್ತೆಯ ನಡುವಿನಿಂದ ಸಿಲಿಂಡರಿನ ಆಕಾರದ ತುಂಡು ಕೊರೆದು ತೆಗೆದು ದಪ್ಪ, ಗಟ್ಟಿತನ ಎರಡನ್ನೂ ನೋಡುತ್ತಾರೆ. ನಿಮ್ಮ ಅಳತೆಯನ್ನೇ ಸತ್ಯವೆಂದು ಸಾಧಿಸುವುದಕ್ಕಿಂತ, ಅನುಮಾನಕ್ಕೆ ಆಧಾರವಿದೆ, ಪರೀಕ್ಷೆ ಮಾಡಿಸಿ ಎಂದು ಕೇಳುವುದು ನ್ಯಾಯ. ಗುಣಮಟ್ಟದ ವರದಿಯಲ್ಲಿ 15 ಸೆಂಟಿಮೀಟರ್ ಕ್ಯೂಬುಗಳ 28ನೇ ದಿನದ ಪರೀಕ್ಷೆ ಇದೆಯೇ, ಕಾಂಕ್ರೀಟ್ ಹಾಕಿದ ದಿನಾಂಕಕ್ಕೂ ಪರೀಕ್ಷೆಯ ದಿನಾಂಕಕ್ಕೂ ತಾಳೆಯಾಗುತ್ತದೆಯೇ ನೋಡಿ. ಕೆಲಸ ಮುಗಿಯುವ ಮೊದಲೇ ಬರೆದ ವರದಿಯನ್ನು ದಿನಾಂಕವೇ ಬಯಲು ಮಾಡುತ್ತದೆ. ಜಿಪಿಎಸ್ ಫೋಟೊಗಳಲ್ಲಿ ಹಿಂದಿರುವ ಗೋಡೆ, ಅಂಗಡಿಯ ಬೋರ್ಡು ಗಮನಿಸಿ. ಅದು ನಿಮ್ಮ ಬೀದಿಯದ್ದೇ ಎಂದು ನಿಮ್ಮಷ್ಟು ಖಚಿತವಾಗಿ ಹೇಳಬಲ್ಲವರು ಆ ಕಚೇರಿಯಲ್ಲಿ ಯಾರೂ ಇಲ್ಲ.

ಕರಾರಿನಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟೆಂದು ಓದಿ. ಆ ಅವಧಿಯೊಳಗೆ ರಸ್ತೆ ಕಿತ್ತು ಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು, ಅವರ ಭದ್ರತಾ ಠೇವಣಿ ಇರುವುದೇ ಅದಕ್ಕೆ. ಇದನ್ನು ಕೇಳುವವರಿಲ್ಲದೆ ಅದೇ ರಸ್ತೆಗೆ ಮರುಡಾಂಬರೀಕರಣದ ಹೊಸ ಬಿಲ್ ಆಗುವುದನ್ನು ನೋಡುತ್ತಲೇ ಇದ್ದೇವೆ. ಅವಧಿ ಮುಗಿಯಲು ಎರಡು ತಿಂಗಳಿರುವಾಗ, ಠೇವಣಿ ವಾಪಸ್ ಕೊಡುವ ಮೊದಲು ದುರಸ್ತಿ ಮಾಡಿಸಿ ಎಂದು ಲಿಖಿತ ಮನವಿ ಕೊಟ್ಟರೆ, ಬಹುತೇಕ ಸಲ ಜಗಳವಿಲ್ಲದೆ ಕೆಲಸವಾಗುತ್ತದೆ.

ವ್ಯತ್ಯಾಸ ಸಿಕ್ಕಿತು, ಮುಂದೆ?

ನೇರವಾಗಿ ಫೇಸ್‌ಬುಕ್‌ಗೆ ಹಾಕಬೇಡಿ. ಮೊದಲು ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ ಬರೆಯಿರಿ: ಎಂ.ಬಿ. ಪುಟ ಸಂಖ್ಯೆ, ಅದರಲ್ಲಿರುವ ಅಳತೆ, ನೀವು ಕಂಡ ಅಳತೆ, ಫೋಟೊ, ಜಂಟಿ ಅಳತೆಯ ಕೋರಿಕೆ. ಇಂಥವರು ತಿಂದರು ಎಂದು ಬರೆಯಬೇಡಿ, ಅಂಕಿ ಸಾಕು. ಒಬ್ಬರೇ ಸಹಿ ಹಾಕುವ ಬದಲು ಬೀದಿಯ ಏಳೆಂಟು ಮನೆಯವರು ಹಾಕಿ, ಹೆಂಗಸರೂ ಇರಲಿ. ಲೆಕ್ಕ ಕೇಳಿದ ಒಂಟಿ ಮನುಷ್ಯರ ಮೇಲೆ ಹಲ್ಲೆಯಾದ ಊರುಗಳು ನಮ್ಮ ರಾಜ್ಯದಲ್ಲೂ ಇವೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಪ್ರತಿಯನ್ನು ವಾರ್ಡ್ ಸದಸ್ಯರಿಗೂ ಕೊಡಿ, ಸಾಮಾನ್ಯ ಸಭೆಯಲ್ಲಿ ವಿಷಯ ಎತ್ತಲು ಕೇಳಿ. ಎಷ್ಟೋ ಸದಸ್ಯರಿಗೆ ತಮ್ಮದೇ ವಾರ್ಡಿನ ಎಂ.ಬಿ. ಯಾರೂ ತೋರಿಸಿರುವುದಿಲ್ಲ, ಒಳ್ಳೆಯವರು ನಿಮ್ಮ ಕಾಗದವನ್ನು ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ಚುನಾಯಿತ ಮಂಡಳಿಯೇ ಇಲ್ಲದಿದ್ದರೆ? 2020ರ ಸೆಪ್ಟೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಬಿಬಿಎಂಪಿ, ಕೊನೆಯ ದಿನದವರೆಗೂ ಚುನಾವಣೆ ಕಾಣದೆಯೇ ಮುಗಿದುಹೋಯಿತು. ಸಣ್ಣ ಊರುಗಳಲ್ಲೂ ಮೀಸಲಾತಿ ತಕರಾರಿನಿಂದ ಆಡಳಿತಾಧಿಕಾರಿಗಳ ಕಾಲ ಎಳೆಯುತ್ತದೆ. ಅಂಥ ಹೊತ್ತಿನಲ್ಲಿ ನಿಮ್ಮ ಪತ್ರ ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ ಹೋಗಲಿ. ಮಹಾನಗರ ಪಾಲಿಕೆ ಇರುವ ಊರಾದರೆ ವಾರ್ಡ್ ಸಮಿತಿ ಇದೆಯೇ ಕೇಳಿ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 243ಎಸ್ ವಿಧಿ ಹೇಳುತ್ತದೆ. ಬರಿಯ ದೀಪ, ಕಸ, ನೀರಿನ ದೂರಾದರೆ 1902 ಸಹಾಯವಾಣಿ ಸಾಕು, ಅದಕ್ಕೆ ಇಷ್ಟೆಲ್ಲ ಬೇಡ.

ಲೆಕ್ಕಪರಿಶೋಧನೆಯ ವರದಿ ಬಹಳ ಜನ ಮರೆಯುವ ಅಸ್ತ್ರ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು ನಗರಸಭೆಯ ಲೆಕ್ಕ ನೋಡಿ ಆಕ್ಷೇಪಣೆ ಕಂಡಿಕೆಗಳನ್ನು ಬರೆಯುತ್ತಾರೆ. ವರದಿಯ ಪ್ರತಿ ಕೇಳಿ ಪಡೆದರೆ ‘ಆಕ್ಷೇಪಣೆಯಲ್ಲಿಟ್ಟ ಮೊತ್ತ’, ‘ವಸೂಲಾತಿಗೆ ಸೂಚಿಸಿದ ಮೊತ್ತ’ ಎಂಬ ಎರಡು ತಃಖ್ತೆಗಳು ಸಿಗುತ್ತವೆ. ಓಚರ್ ಇಲ್ಲದ ಖರ್ಚು, ಟೆಂಡರ್ ಇಲ್ಲದ ಖರೀದಿ, ಕಟಾಯಿಸದ ತೆರಿಗೆ, ಎಲ್ಲವೂ ಸರ್ಕಾರದ್ದೇ ಅಧಿಕಾರಿಯ ಕೈಬರಹದಲ್ಲಿ. ನೀವು ಹೊಸದಾಗಿ ಆರೋಪ ಮಾಡಬೇಕಿಲ್ಲ. ಇಂಥ ಕಂಡಿಕೆಗೆ ಏನು ಉತ್ತರ ಕೊಟ್ಟಿರಿ, ತಿರುವಳಿ (ಇತ್ಯರ್ಥ) ಆಗಿದೆಯೇ ಎಂದು ಕೇಳಿದರಾಯಿತು.

ಎಲ್ಲಿಯೂ ಉತ್ತರ ಸಿಗದೆ, ದಾಖಲೆ ಗಟ್ಟಿಯಾಗಿದ್ದರೆ ಲೋಕಾಯುಕ್ತ ಇದೆ. ನಿಗದಿತ ನಮೂನೆಯಲ್ಲಿ ದೂರು, ಜೊತೆಗೆ ಪ್ರಮಾಣಪತ್ರ ಕೊಡಬೇಕು. 1984ರ ಕಾಯ್ದೆಯ ಪ್ರಕಾರ ಕುಂದುಕೊರತೆಯಾದರೆ ವಿಷಯ ತಿಳಿದು ಆರು ತಿಂಗಳೊಳಗೆ, ಭ್ರಷ್ಟಾಚಾರದ ಆಪಾದನೆಯಾದರೆ ಘಟನೆ ನಡೆದ ಐದು ವರ್ಷದೊಳಗೆ ಹೋಗಬೇಕು. ಪ್ರಮಾಣ ಮಾಡಿ ಬರೆಯುವ ದೂರಾದ್ದರಿಂದ ಕಾಗದದಲ್ಲಿ ಇಲ್ಲದ ಒಂದು ಮಾತನ್ನೂ ಸೇರಿಸಬೇಡಿ.

ತನಿಖೆಯಾಗಿ, ಹೆಚ್ಚುವರಿ ಪಾವತಿ ವಸೂಲು ಮಾಡಿ ಎಂಬ ಆದೇಶ ಬಂದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ನಾಲ್ಕು ದಿನ ಮಾತಾಗುತ್ತದೆ. ನೀವು ಅಲ್ಲಿಗೆ ಫೈಲು ಮುಚ್ಚಬೇಡಿ. ಆದೇಶವಾಗಿ ಆರು ತಿಂಗಳಿಗೆ ಇನ್ನೊಂದು ಅರ್ಜಿ ಹಾಕಿ: ಆ ಮೊತ್ತವನ್ನು ಗುತ್ತಿಗೆದಾರರಿಂದಲೋ ಸಂಬಂಧಪಟ್ಟ ನೌಕರರ ಸಂಬಳದಿಂದಲೋ ವಸೂಲು ಮಾಡಿ ನಗರಸಭೆ ನಿಧಿಗೆ ಜಮೆ ಮಾಡಿದ ಚಲನ್ ಪ್ರತಿ, ಜಮೆಯಾದ ದಿನಾಂಕ. ಚಲನ್ ಇಲ್ಲವೆಂದು ಉತ್ತರ ಬಂದರೆ ಆ ಉತ್ತರವನ್ನೇ ಲಗತ್ತಿಸಿ, ಆದೇಶ ಮಾಡಿದ ಅಧಿಕಾರಿಗೆ ಮತ್ತೆ ಬರೆಯಿರಿ.